ಯಾರ ಎಡ, ಯಾರ ಬಲ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ. ನನ್ನ ತರಗತಿಯ ಶಾಂಭವಿಯ ಅಪ್ಪ ದ್ಯಾಮಣ್ಣ ಕಾಕಾನಿಗೆ ‘ಎಡಬಲ’ ಎಂಬ ಅಡ್ಡಹೆಸರು ಇಟ್ಟವಳು ನಾನು. ಆಗ ನನಗೆ ಹನ್ನೆರಡು ವರ್ಷ. ಹನ್ನೆರಡು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಅನ್ನಬಹುದು. ಎಲ್ಲ ತಿಳಿಯುತ್ತದೆ. ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದು ಆ ವಯಸ್ಸಿನಲ್ಲಿ ತಿಳಿದಷ್ಟು ಚೆನ್ನಾಗಿ ಆಮೇಲೆ ತಿಳಿಯುವುದೇ ಇಲ್ಲ.

ಊರ ಹೆಸರು ಬರೆಯುವುದಿಲ್ಲ. ಧಾರವಾಡದಿಂದ ಹೊರಟು ಅಮ್ಮಿನಬಾವಿ ದಾಟಿದರೆ ಸಿಗುತ್ತದೆ, ಅಷ್ಟು ಸಾಕು. ದ್ಯಾಮಣ್ಣ ಕಾಕಾ ಅಲ್ಲಿ ದನದ ಡಾಕ್ಟರ ಕೈಕೆಳಗೆ ದಿನಗೂಲಿಯ ಆಳಾಗಿದ್ದ. ಡಾಕ್ಟರ ಹೆಸರು ಅಮರೇಶ. ಬಿಳಿ ಅಂಗಿ, ಇಸ್ತ್ರಿ ಮುರಿಯದ ಪ್ಯಾಂಟು. ದನದ ಡಾಕ್ಟರಾಗಿ ದನದಿಂದ ಮೂರು ಮಾರು ದೂರ ನಿಲ್ಲುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವರ ಕೈ ಮಾಡಬೇಕಾದ ಕೆಲಸವನ್ನೆಲ್ಲ ಕಾಕಾನ ಕೈ ಮಾಡುತ್ತಿತ್ತು. ಕಾಕಾ ನೋಡಿ ಹೇಳಬೇಕು, ಡಾಕ್ಟರು ಕೇಳಿ ಹುಕುಂ ಕೊಡಬೇಕು. ಹಾಗೆ ಹನ್ನೊಂದು ವರ್ಷ ನಡೆದಿತ್ತು.

ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ ಶರಣವ್ವ, ಗಂಡ ಸತ್ತ ಮೇಲೆ ಒಂದೇ ಎಮ್ಮೆ ಕಟ್ಟಿಕೊಂಡು ಮನೆ ನಡೆಸಿದವಳು. ಅಪ್ಪಟ ಧಾರವಾಡಿ ಎಮ್ಮೆ. ಕೋಡು ಕುಡುಗೋಲಿನ ಹಾಗೆ ಬಾಗಿ ಬೆನ್ನಿಗೆ ಬರುತ್ತಿದ್ದವು. ಅದರ ಹಾಲು ಪೇಢೆ ಮಾಡುವವರ ಮನೆಗೆ ಹೋಗುತ್ತಿತ್ತು. ಎರಡು ಸಾವಿರದ ಹನ್ನೊಂದರ ಶ್ರಾವಣದಲ್ಲಿ ಅದು ಈಯಲು ನಿಂತಿತು. ಬೆಳಗಿನಿಂದ ತಿಣುಕಿದರೂ ಕರು ಬರಲಿಲ್ಲ. ಮಧ್ಯಾಹ್ನ ಡಾಕ್ಟರು ಬಂದರು, ಹಿಂದೆ ದ್ಯಾಮಣ್ಣ ಕಾಕಾ. ಅಂಗಿಗೆ ಸಗಣಿ ಸಿಡಿಯಬಾರದೆಂದು ಡಾಕ್ಟರು ಎಮ್ಮೆಯ ತಲೆಯ ಕಡೆ, ಅದರ ಮುಖಕ್ಕೆ ಎದುರಾಗಿ ನಿಂತರು. ಕಾಕಾ ತೋಳಿಗೆ ಎಣ್ಣೆ ಸವರಿಕೊಂಡು ಹಿಂದಿನಿಂದ ಕೈ ಹಾಕಿದ.

“ಸಾಹೇಬ್ರ, ಕರುವಿನ ಚೀಲ ತಿರುವಿಕೊಂಡೈತ್ರಿ. ಎಡಕ್ಕ,” ಅಂದ.

ಹೀಗಾದಾಗ ಎಮ್ಮೆಯನ್ನು ತಿರುವು ಇರುವ ಮಗ್ಗುಲಿಗೇ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಒಬ್ಬ ನಿಂತು, ಅದೇ ಕಡೆಗೆ ಹೊರಳಿಸಬೇಕು. ಆಗ ಚೀಲ ಬಿಚ್ಚಿಕೊಳ್ಳುತ್ತದೆ. ತಪ್ಪು ಕಡೆ ಹೊರಳಿಸಿದರೆ ಇನ್ನಷ್ಟು ಬಿಗಿಯುತ್ತದೆ. ಇದು ನನಗೆ ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಕಾಕಾ ಹಲಗೆ ತರಲು ಓಡಿದ. ಡಾಕ್ಟರು, “ಎಡಕ್ಕಂತ. ಹಂಗಾರ ಈ ಕಡೆ ಕೆಡವ್ರಿ,” ಎಂದು ಕೈ ತೋರಿಸಿದರು. ಹಗ್ಗ ಹಿಡಿದವರು ಕೈ ತೋರಿಸಿದ ಕಡೆ ಕೆಡವಿದರು. ಕಾಕಾ ಹಲಗೆ ಹೊತ್ತು ಬರುವಷ್ಟರಲ್ಲಿ ಎಮ್ಮೆ ಬಿದ್ದಿತ್ತು. ಸಾಹೇಬರು ಕೆಡವಿಸಿದ್ದು ಯಾವ ಮಗ್ಗುಲಿಗೆ ಎಂದು ತಿರುಗಿ ನೋಡುವ ಯೋಚನೆ ಕೂಲಿ ಆಳಿಗೆ ಎಲ್ಲಿಂದ ಬರಬೇಕು? ಮೂರು ಸಲ ಹೊರಳಿಸಿದರು. ಸಂಜೆಯೊಳಗೆ ಎಮ್ಮೆಯೂ ಹೋಯಿತು, ಹೊಟ್ಟೆಯೊಳಗಿನ ಕರುವೂ ಹೋಯಿತು. ಕೊಯ್ದು ನೋಡಿದರೆ ಚೀಲ ಹುರಿ ಹಗ್ಗದಂತೆ ಬಿಗಿದಿತ್ತು.

ಆಯಿ ಎದೆ ಬಡಿದುಕೊಂಡು ಅತ್ತಳು. ಡಾಕ್ಟರು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಆ ಕೈಗೆ ಏನೂ ಹತ್ತಿರಲಿಲ್ಲ. “ಎಡಕ್ಕ ಅಂತ ಇವನ ಹೇಳಿದಾ, ನೀವೆಲ್ಲಾ ಕೇಳೀರಿ. ಇವಗ ಎಡ ಯಾವುದು ಬಲ ಯಾವುದು ತಿಳೀವಲ್ದು. ನಾ ಏನ ಮಾಡ್ಲಿ?” ಅಂದರು. ಮೇಲಿನ ಕಚೇರಿಗೆ ಕಳಿಸಿದ ಕಾಗದದಲ್ಲೂ ಹಾಗೇ ಬರೆದರು. ಕಾಕಾನ ಕೆಲಸ ಹೋಯಿತು. ಎಡಕ್ಕೆ ಅಂದದ್ದನ್ನು ಎಲ್ಲರೂ ಕೇಳಿದ್ದರು, ಕಾಕಾ ಏನು ವಾದ ಮಾಡಿಯಾನು? ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು, ಅವನೇ ಅದನ್ನು ನಂಬಿದ. ನನ್ನ ಕೈ ನನಗೇ ಸುಳ್ಳು ಹೇಳಿತು ಎಂದುಕೊಂಡ. ಹುಬ್ಬಳ್ಳಿಯ ಹತ್ತಿ ಅಂಗಡಿಯಲ್ಲಿ ಅಂಡಿಗೆ ಹೊರುವ ಕೆಲಸ ಹಿಡಿದು ಮತ್ತೆ ಯಾವ ದನದ ಮೈಯನ್ನೂ ಮುಟ್ಟಲಿಲ್ಲ.

ಮರುವಾರ ಸಾಲೆಯಲ್ಲಿ ಕವಾಯತು. ಮಾಸ್ತರರು “ಎಡ, ಬಲ! ಎಡ, ಬಲ!” ಎಂದು ಕೂಗುತ್ತಿದ್ದರು. ನನ್ನ ಮುಂದಿನ ಸಾಲಿನಲ್ಲಿ ಶಾಂಭವಿ. ನಮ್ಮ ಎಮ್ಮೆ ಸತ್ತ ಸಿಟ್ಟು ನನಗಿನ್ನೂ ಆರಿರಲಿಲ್ಲ. ಮಾಸ್ತರರು “ಎಡ, ಬಲ” ಅಂದಾಗ ನಾನು “ದ್ಯಾಮಣ್ಣ!” ಅಂದೆ. ಸಾಲಿಗೆ ಸಾಲೇ ನಕ್ಕಿತು. ಸಂಜೆಯ ಹೊತ್ತಿಗೆ ಊರು ನಕ್ಕಿತು. ಅವತ್ತಿನಿಂದ ಅವನು ಎಡಬಲ ದ್ಯಾಮಣ್ಣ, ಅವಳು ಎಡಬಲನ ಮಗಳು. ಆಯಿ ಮತ್ತೊಂದು ಎಮ್ಮೆ ತಂದಳು. ಅದು ಈದಾಗ ಓಣಿಯ ಎಲ್ಲ ಮನೆಗೂ ಗಿಣ್ಣದ ಹಾಲು ಹಂಚಿದಳು, ಅವರ ಮನೆಯೊಂದನ್ನು ಬಿಟ್ಟು. ಭಾಂಡೆ ಹಿಡಿದು ಅವರ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದವಳು ನಾನೇ. ಶಾಂಭವಿ ಹೊಸ್ತಿಲ ಮೇಲೆ ನಿಂತು ಭಾಂಡೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಪಿಯುಸಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಬೇಕಾಯಿತು. ಒಂದು ದಿನ ಪಕ್ಕದ ಸೀಟು ಮಾತ್ರ ಖಾಲಿ ಇತ್ತು, ಕೂತೆ. ಅವಳೇ ಮಾತು ತೆಗೆದಳು.

“ನಾ ದನದ ಡಾಕ್ಟರ್ ಆಗತೇನಿ, ದಾಕ್ಷಾಯಿಣಿ. ಆಗಿ, ಅವನ ಬಿಳೀ ಅಂಗಿಗೆ ಸಗಣಿ ಹಚ್ಚತೇನಿ. ಅವನ ಬಾಯಿಂದನ ಅಪ್ಪನ ಹೆಸರ ತೊಳಸ್ತೇನಿ.”

“ನನ್ನ ಮ್ಯಾಲೆ ಸಿಟ್ಟಿಲ್ಲೇನ?” ಅಂದೆ.

“ಐತಿ. ನಿನ್ನ ಸರದಿ ಆಮ್ಯಾಲೆ.”

ನಾನು ನಕ್ಕೆ. ಅವಳೂ ನಕ್ಕಳು. ಹಾಗೆ ನಾವು ಗೆಳತಿಯರಾದೆವು. ಅವಳ ನಗೆಯನ್ನು ನಾನು ತಮಾಷೆ ಎಂದುಕೊಂಡೆ.

ಇಲ್ಲಿಯ ದನದ ಡಾಕ್ಟರಿಕೆಯ ಕಾಲೇಜಿನಲ್ಲಿ ಅವಳಿಗೆ ಸೀಟು ಸ್ವಲ್ಪದರಲ್ಲಿ ತಪ್ಪಿತು. ಇನ್ನೊಬ್ಬಳಾಗಿದ್ದರೆ ಬಿ.ಎಸ್ಸಿ. ಸೇರುತ್ತಿದ್ದಳು. ಇವಳು ಹುಡುಗರನ್ನು ಹೊರದೇಶಕ್ಕೆ ಓದಲು ಕಳಿಸುವ ಹುಬ್ಬಳ್ಳಿಯ ಒಂದು ಆಫೀಸಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿದ್ದವನು ಮನುಷ್ಯರ ಡಾಕ್ಟರಿಕೆ ಓದಲು ಪುಸಲಾಯಿಸಿದ. “ಬ್ಯಾಡ್ರಿ. ಮನಷ್ಯಾರಿಗೆ ಬಾಯಿ ಇರತೈತಿ, ಸುಳ್ಳ ಹೇಳತಾರ,” ಅಂದಳು. ತಾಯಿಯ ತವರಿನಿಂದ ಬಂದಿದ್ದ ಹೊಲ ಹೋಯಿತು, ಇವಳು ಫಿಲಿಪೈನ್ಸಿಗೆ ಹೋದಳು. ಊರಲ್ಲಿ ಒಂದೇ ನಗೆ. “ಎಡಬಲನ ಮಗಳು ಎಮ್ಮಿ ಬಾಲ ಎತ್ತೂದು ಕಲಿಯಾಕ ವಿಮಾನದಾಗ ಹೋದಳಂತ!”

ಮನಿಲಾದಿಂದ ಬಸ್ಸಿನಲ್ಲಿ ನಾಲ್ಕೈದು ತಾಸಿನ ದಾರಿ, ಭತ್ತದ ಗದ್ದೆಗಳ ನಡುವೆ ಕಾಲೇಜು. ಅಲ್ಲಿಯ ಎಮ್ಮೆಗಳಿಗೆ ಕರಬಾವ್ ಎನ್ನುತ್ತಾರಂತೆ. ಗಿಡ್ಡ ಕಾಲು, ಅಗಲ ಕೋಡು, ಕೆಸರು ಕಂಡರೆ ಸಾಕು ಮಲಗುತ್ತವೆ. ಎರಡನೆಯ ವರ್ಷದಿಂದಲೇ ಕೊಟ್ಟಿಗೆಗೆ ಹಚ್ಚಿದರು. ಹುಡುಗರು ನಾಲ್ಕು ನಾಲ್ಕು ಮಂದಿಯ ಗುಂಪು, ಬೆಳಗಾಗುವ ಮೊದಲು ಪಾಳಿ. ಗೊರಸು ಕತ್ತರಿಸುವುದು, ಗಾಯಕ್ಕೆ ಹೊಲಿಗೆ, ಹೊಟ್ಟೆ ಉಬ್ಬರಕ್ಕೆ ನಳಿಗೆ, ಭುಜದವರೆಗೆ ಪ್ಲಾಸ್ಟಿಕ್ ತೋಳು ಏರಿಸಿ ಒಳಗೆ ಕೈ. ಮೊದಲ ತಿಂಗಳು ಸಂಜೆ ಊಟದ ಚಮಚ ಹಿಡಿಯಲಾಗುತ್ತಿರಲಿಲ್ಲ ಎಂದು ಬರೆದಿದ್ದಳು. ಕಲಿಸುವವಳು ಡಾಕ್ಟರ್ ಲೂರ್ದೆಸ್ ಎಂಬ ಗಟ್ಟಿ ಹೆಂಗಸು. ಕಣ್ಣಿಗೆ ಬಟ್ಟೆ ಕಟ್ಟಿ ಕೈ ಹಾಕಿಸುತ್ತಿದ್ದಳು. ಕೈ ಕಂಡದ್ದನ್ನು ಬಾಯಿ ಹೇಳಲಿ, ಬಾಯಿ ಮೊದಲೇ ಹೇಳಿದ್ದನ್ನು ಕೈ ಹುಡುಕಬಾರದು ಎನ್ನುತ್ತಿದ್ದಳು. ಗೆಳತಿಯರು ಗುಣವಾದ ಕರುವಿನ ಫೋಟೊ ಊರಿಗೆ ಕಳಿಸಿದರೆ ಇವಳು ನನಗೆ ಕಳಿಸುತ್ತಿದ್ದುದು ಒಂದೇ ಪ್ರಶ್ನೆ. “ಆ ಡಾಕ್ಟರ್ ಇನ್ನೂ ಊರಾಗ ಅದಾನಿಲ್ಲ?” ಕೊರೊನಾದ ಎರಡು ವರ್ಷ ಊರಿಗೆ ಬರಲಾಗಲಿಲ್ಲ. ಆಗಲೂ ಅದೇ ಪ್ರಶ್ನೆ. ಸಿಟ್ಟನ್ನು ಉಪ್ಪಿನಕಾಯಿಯಂತೆ ಕೆಡದ ಹಾಗೆ ಇಟ್ಟುಕೊಂಡಿದ್ದಳು.

ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಫೋನು ಬಂತು. ಅವಳಿಗೆ ಉಸಿರು ನಿಲ್ಲುತ್ತಿರಲಿಲ್ಲ.

“ದಾಕ್ಷಿ, ಆವತ್ತು ನಿಮ್ಮ ಎಮ್ಮಿ ಕೆಡವೂ ಮುಂದ ಆ ಡಾಕ್ಟರ್ ಎಲ್ಲಿ ನಿಂತಿದ್ದ?”

“ಮುಂದ. ತಲಿ ಕಡೆ. ಅಂಗಿ ಹೊಲಸ ಆಗತೈತಂತ.”

“ಎಮ್ಮೀಗೆ ಮಾರಿ ಮಾಡಿ?”

“ಹೂಂ.”

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಒಂದು ಸ್ವರ ಬಂತು. ಅವತ್ತು ಅಲ್ಲಿಯೂ ಒಂದು ಎಮ್ಮೆಯ ಚೀಲ ತಿರುವಿಕೊಂಡಿತ್ತಂತೆ. ಒಬ್ಬ ಹುಡುಗ ಕೈ ಹಾಕಿ “ಬಲಕ್ಕೆ” ಅಂದ. ಡಾಕ್ಟರ್ ಲೂರ್ದೆಸ್ “ಯಾರ ಬಲ?” ಎಂದು ಕೇಳಿದಳು. ಒಬ್ಬನನ್ನು ಎಮ್ಮೆಯ ಬಾಲದ ಕಡೆ, ಇನ್ನೊಬ್ಬನನ್ನು ಮುಖದ ಕಡೆ ನಿಲ್ಲಿಸಿ, ಇಬ್ಬರೂ ಬಲ ತೋರಿಸಿ ಅಂದಳು. ಒಬ್ಬನ ಕೈ ಪೂರ್ವಕ್ಕೆ, ಒಬ್ಬನ ಕೈ ಪಶ್ಚಿಮಕ್ಕೆ. ಎಡವಾಗಲಿ ಬಲವಾಗಲಿ ಅದು ಎಮ್ಮೆಯದು, ನಿಂತು ನೋಡುವವರದ್ದಲ್ಲ ಎಂದು ಹೇಳಿಕೊಟ್ಟಳು.

“ಅಪ್ಪ ಹಿಂದ ನಿಂತು ಎಡಕ್ಕ ಅಂದಾನ. ಅದು ಎಮ್ಮೀ ಎಡ. ಅವ ಎದುರಿಗೆ ನಿಂತು ತನ್ನ ಎಡಕ್ಕ ಕೈ ಮಾಡ್ಯಾನ. ಅದು ಎಮ್ಮೀ ಬಲ! ಅಪ್ಪನ ಕೈ ಖರೇ ಹೇಳಿತ್ತ, ದಾಕ್ಷಿ.”

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಆಯಿಯ ಸಿಟ್ಟು, ಹಂಚದ ಗಿಣ್ಣ, ಕವಾಯತಿನ ನಗು ಎಲ್ಲ ಒಟ್ಟಿಗೆ ಎದ್ದು ಬಂದವು. ಈಗಲೇ ಕಾಕಾನಿಗೆ ಹೇಳುತ್ತೇನೆ ಅಂದೆ.

“ಹೇಳಬ್ಯಾಡ. ನೀ ಹೇಳಿದರೂ ನಾ ಹೇಳಿದರೂ ಸಮಾಧಾನಕ್ಕ ಹೇಳತಾರ ಅಂತಾನ. ಅದು ಆ ಡಾಕ್ಟರನ ಬಾಯಿಂದನ ಬರಬೇಕು. ಎಲ್ಲಾರ ಮುಂದ.”

ಓದು ಮುಗಿಸಿ ಬಂದಳು. ಇಲ್ಲಿಯ ಪರೀಕ್ಷೆ ಬರೆದು, ಇಲ್ಲಿಯ ತರಬೇತಿ ಮುಗಿಸಿ, ನೋಂದಣಿ ಮಾಡಿಸಿಕೊಂಡು ಧಾರವಾಡದಲ್ಲಿ ಚಿಕ್ಕ ದವಾಖಾನೆ ಇಟ್ಟಳು. ಸ್ಕೂಟಿಯ ಮೇಲೆ ಚೀಲ ಕಟ್ಟಿಕೊಂಡು ಹೆಬ್ಬಳ್ಳಿ, ಗರಗ ಎಂದು ತಿರುಗಿದಳು. ಅಮರೇಶ ಡಾಕ್ಟರು ಅಷ್ಟರಲ್ಲಿ ನಿವೃತ್ತರಾಗಿ ನಮ್ಮೂರ ಅಂಚಿನಲ್ಲೇ ತೋಟದ ಮನೆ ಕಟ್ಟಿ ಎಂಟು ಎಮ್ಮೆ ಸಾಕಿದ್ದರು. ಹಾಲು ಹಿಂಡುವ ಯಾಸೀನನಿಂದ ಯಾವ ಎಮ್ಮೆ ಗಬ್ಬ, ಯಾವುದು ಯಾವ ತಿಂಗಳು ಈಯುತ್ತದೆ ಎಂದು ಶಾಂಭವಿ ಕೇಳಿ ಕೇಳಿ ನೆನಪಿಟ್ಟುಕೊಂಡಳು. ಇಂಥ ಕಾಯುವಿಕೆ ಒಳ್ಳೆಯದಲ್ಲ ಎಂದು ಒಮ್ಮೆ ಅಂದೆ. “ನಾ ಏನ ಶಾಪಾ ಹಾಕಾಕತ್ತೇನಿ? ಎಂಟು ಎಮ್ಮ್ಯಾಗ ಒಂದಕ್ಕಾದ್ರೂ ಒಂದಿನ ತ್ರಾಸ ಬರತೈತಿ. ಕಾಯಾಕತ್ತೇನಿ,” ಅಂದಳು.

ಆ ದಿನ ಹೋದ ವರ್ಷ ಶ್ರಾವಣದಲ್ಲಿ ಬಂತು, ರವಿವಾರ ಬೆಳಿಗ್ಗೆ. ಊರ ಸರ್ಕಾರಿ ಡಾಕ್ಟರು ರಜೆಯಲ್ಲಿದ್ದರು. ಯಾಸೀನ ಅವಳಿಗೆ ಫೋನು ಮಾಡಿ, “ಅಕ್ಕಾರ, ಎಮ್ಮಿ ತಿಣಕಾಕತ್ತೈತಿ, ಕರು ಬರವಲ್ದು, ಸಾಹೇಬ್ರು ಕರಿಯಾಕತ್ತಾರ,” ಅಂದ. ಅವಳು ನನಗೆ ಮಾಡಿದಳು.

“ಶರಣವ್ವ ಆಯೀನ ಕರಕೊಂಡ ಬಾ. ಆವತ್ತು ಹಗ್ಗ ಹಿಡದವರು ಊರಾಗ ಎಷ್ಟ ಮಂದಿ ಅದಾರ, ಎಲ್ಲಾರ್ನೂ ಕರಿ. ಚೀಲ ತಿರುವಿದ್ದರ ಹೊರಳಸಾಕ ಮಂದಿ ಬೇಕಲ್ಲ. ಅಪ್ಪನ್ನ ನಾ ಕರಕೊಂಡ ಬರತೇನಿ.”

ನಾವು ಹೋದಾಗ ಅವಳು ಆಗಲೇ ಕೈ ಹಾಕಿ ನೋಡಿದ್ದಳು. ಮುಖದಲ್ಲಿ ಏನೂ ತೋರಲಿಲ್ಲ. “ಕರು ಜೀವಂತ ಐತಿ. ಚೀಲ ತಿರುವೈತಿ,” ಅಂದಳಷ್ಟೆ. ಆಮೇಲೆ ತಿರುಗಿ, “ಅಪ್ಪಾ, ನೀ ನೋಡು,” ಅಂದಳು.

ಕಾಕಾ ಗೋಡೆಗೆ ಆತುಕೊಂಡು ನಿಂತಿದ್ದ. “ಬ್ಯಾಡವಾ. ನನ್ನ ಕೈ ಸುಳ್ಳ ಹೇಳತೈತಿ.”

“ಹೇಳಲಿ. ಒಮ್ಮೆ ಹೇಳಲಿ.”

ಹದಿನಾಲ್ಕು ವರ್ಷದ ಮೇಲೆ ಅವನು ಅಂಗಿ ಕಳೆದ. ಕಣ್ಣು ಮುಚ್ಚಿ ಕೈ ಹಾಕಿದ. ಬಹಳ ಹೊತ್ತಾದ ಮೇಲೆ, ಯಾರಿಗೂ ಕೇಳಬಾರದು ಎನ್ನುವಂತೆ, “ಬಲಕ್ಕ ಅನಸ್ತೈತಿ,” ಅಂದ.

ಡಾಕ್ಟರು ತಲೆಯ ಕಡೆ ನಿಂತಿದ್ದರು. ಅದೇ ಬಿಳಿ ಅಂಗಿ. ಅಲ್ಲಿ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ಹಳೇ ಚಾಳಿ.

“ಸರ್, ಬಲಕ್ಕಂತ. ನನ್ನ ಕೈನೂ ಅದನ್ನ ಹೇಳತೈತಿ. ಯಾವ ಕಡೆ ಕೆಡವೂಣು? ಕೈ ಮಾಡಿ ತೋರಸ್ರಿ,” ಅಂದಳು ಶಾಂಭವಿ.

ಅವರ ಬಲಗೈ ಎದ್ದಿತು, ಅವರ ಬಲಕ್ಕೆ ಹೊರಟಿತು. ಅರ್ಧಕ್ಕೆ ನಿಂತಿತು. ಎಮ್ಮೆಯ ಹಿಂದೆ ಕಾಕಾನ ಪಕ್ಕದಲ್ಲಿ ನಿಂತಿದ್ದ ಆಯಿ ಕೋಲೆತ್ತಿ ಇನ್ನೊಂದು ಕಡೆ ತೋರಿಸಿದಳು. “ಅಲ್ರೀ ಸಾಹೇಬ್ರ, ಬಲಕ್ಕಂದ್ರ ಇದಲ್ಲೇನ್ರಿ? ನಿಮ್ಮ ಕೈ ಯಾಕ ಆ ಕಡೆ ಹೊಂಟೈತಿ?”

ಅರ್ಧಕ್ಕೆ ನಿಂತ ಆ ಕೈ ನೋಡಿ ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದವನ ಕೈ ನಿಲ್ಲುವುದಿಲ್ಲ, ಪೂರ್ತಿ ಹೋಗುತ್ತದೆ. ಈ ಮನುಷ್ಯನಿಗೆ ಗೊತ್ತಿತ್ತು. ಎಮ್ಮೆಯನ್ನು ಕೊಯ್ದು ನೋಡಿದ ಆ ಸಂಜೆಯಿಂದಲೇ ಗೊತ್ತಿತ್ತು. ಗೊತ್ತಿದ್ದೇ ಕಾಗದ ಬರೆದಿದ್ದ.

“ಎಮ್ಮೀ ಬಲ,” ಎಂದು ಡಾಕ್ಟರು ತೊದಲಿದರು. “ಎಮ್ಮೀ ಬಲಾನ ಹಿಡೀಬೇಕು.”

“ಆವತ್ತು ಯಾರ ಎಡ ಹಿಡದಿದ್ರಿ?”

“ಶಾಂಭವಿ, ಎಮ್ಮಿ ಸಾಯತೈತಿ,” ಅಂದರು ಡಾಕ್ಟರು.

“ಆವತ್ತೂ ಸಾಯಾಕತ್ತಿತ್ರಿ.”

ಅವಳು ಕೈ ಕಟ್ಟಿಕೊಂಡು ನಿಂತಳು. ಎಮ್ಮೆ ನರಳಿತು. ಸುಳ್ಳು ಯಾಕೆ ಹೇಳಲಿ, ನಾನು ಹೋಗಲಿ ಬಿಡು ಅನ್ನಲಿಲ್ಲ. ಅಲ್ಲಿದ್ದ ಯಾರೂ ಅನ್ನಲಿಲ್ಲ. ಅಂದವನು ಕಾಕಾ ಒಬ್ಬನೇ. “ಸಾಕ ಬಿಡವಾ, ಎಮ್ಮಿ ಏನ ಮಾಡೇತಿ? ನನ್ನ ಹೆಸರಿಗೆ ಅದ್ಯಾಕ ಸಾಯಬೇಕು?” ಅಂದ. ಅವಳು ಅಪ್ಪನ ಕಡೆ ನೋಡಲಿಲ್ಲ. ಡಾಕ್ಟರು ನೋಡಿದರು.

“ನಂದು,” ಅಂದರು. “ನನ್ನ ಎಡಕ್ಕ ಕೆಡವಿಸಿದೆ. ದ್ಯಾಮಣ್ಣ ಖರೇ ಹೇಳಿದ್ದ.”

“ಕೇಳಿದ್ರಿಲ್ಲ ಎಲ್ಲಾರೂ?” ಎಂದಳು ಶಾಂಭವಿ. ಮರುಕ್ಷಣ ಅವಳು ಬೇರೆಯೇ ಹೆಂಗಸು. ಹಗ್ಗ ಯಾರು, ಹಲಗೆ ಯಾರು, ತಲೆ ಹಿಡಿಯುವವರು ಯಾರು ಎಂದು ಒಂದೊಂದೇ ಮಾತಿನಲ್ಲಿ ಹಚ್ಚಿದಳು. ಹಲಗೆಯ ಮೇಲೆ ಕಾಕಾ ನಿಂತ. ಎರಡನೆಯ ಸಲ ಹೊರಳಿಸಿದಾಗ ಅವಳು ಕೈ ಹಾಕಿ ನೋಡಿ, “ಬಿಚ್ಚತ!” ಎಂದು ಕೂಗಿದಳು. ಕರುವಿನ ಕಾಲು ಕಾಣಿಸಿದವು. ಆಗ, “ಸರ್, ಹಿಂದ ಬರ್ರಿ. ನಿಮ್ಮ ಎಮ್ಮಿ, ನೀವ ಎಳೀರಿ,” ಅಂದಳು. ಬರದೆ ಗತಿಯಿರಲಿಲ್ಲ. ಎಳೆದರು. ಕರು ಬಂತು, ಜೊತೆಗೆ ಸಗಣಿ, ನೆತ್ತರು, ನೀರು ಎಲ್ಲ ಬಂತು. ಬಿಳಿ ಅಂಗಿಯಲ್ಲಿ ಬಿಳಿ ಉಳಿಯಲಿಲ್ಲ. ಹೆಣ್ಣು ಕರು, ಮೂಗು ಒರೆಸಿದ್ದೇ ಸೀನಿತು.

ದ್ಯಾಮಣ್ಣ ಕಾಕಾ ಹಲಗೆ ಬದಿಗಿಟ್ಟು ತನ್ನ ಬಲಗೈಯನ್ನೇ ನೋಡುತ್ತಿದ್ದ. “ಖರೇನ ಹೇಳಿತ್ತೇನವಾ ಇದು?” ಎಂದು ಮಗಳನ್ನು ಕೇಳಿದ. ಅವಳು ಹೌದೆಂದು ತಲೆ ಆಡಿಸಿದಳು. ಅವನು ಆ ಕೈಯನ್ನು ತೊಳೆಯದೆ ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ.

ಆಯಿ ಮಾತ್ರ ಸುಮ್ಮನೆ ಹೋಗಲಿಲ್ಲ. ಕೋಲೂರಿಕೊಂಡು ಡಾಕ್ಟರ ಮುಂದೆ ನಿಂತಳು. “ನನ್ನ ಎಮ್ಮಿ ತಿಂದಿ, ಒಬ್ಬ ಬಡವನ ಅನ್ನಾ ತಿಂದಿ. ಬರತೇನಿ, ಎಡಬಲ ಸಾಹೇಬ್ರ!” ಅಂದಳು. ಹೆಸರು ಅಲ್ಲೇ ಮನೆ ಬದಲಿಸಿತು. ಈಗ ನಮ್ಮೂರಲ್ಲಿ ಯಾವ ಹುಡುಗನನ್ನು ಬೇಕಾದರೂ ಎಡಬಲನ ಮನೆ ಯಾವುದು ಎಂದು ಕೇಳಿ, ತೋಟದ ಮನೆ ತೋರಿಸುತ್ತಾನೆ. ಮೂರನೆಯ ದಿನ ಅಲ್ಲಿಂದ ಶಾಂಭವಿಯ ಮನೆಗೆ ಗಿಣ್ಣದ ಹಾಲು ಬಂತು. ಮುಚ್ಚಳವನ್ನೂ ತೆಗೆಯದೆ ಹೊಳ್ಳಿ ಕಳಿಸಿದಳು. ನನಗೆ ಅದು ಬಹಳ ಸೇರಿತು.

ವಾರ ಕಳೆದ ಮೇಲೆ ಅವಳ ದವಾಖಾನೆಗೆ ಹೋಗಿ, “ಈಗ ಸಮಾಧಾನ ಆತೇನ?” ಎಂದು ಕೇಳಿದೆ. ಸೂಜಿಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದಳು.

“ಅರ್ಧಾ ಆತು. ಹೆಸರ ಇಟ್ಟಾಕಿ ಉಳದಾಳಲ್ಲ,” ಅಂದಳು. ನಗಲಿಲ್ಲ. ಆಗ ನನಗೆ ಬಸ್ಸಿನ ಮಾತು ನೆನಪಾಯಿತು. ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತೆ.

“ಏನ ಮಾಡಬೇಕ ಹೇಳು,” ಅಂದೆ.

“ಗರಗದ ಸಾಲ್ಯಾಗ ಕನ್ನಡಾ ಕಲಸ್ತಿ. ಅಪ್ಪನ್ನ ಕೆಡಿಸಿದ್ದು ಒಂದ ಶಬ್ದ. ನೀ ಎಷ್ಟ ಶಬ್ದ ಬೇಕೋ ತಗೋ, ಎಲ್ಲಾ ಬರಿ. ಕವಾಯತ ಬರಿ, ಗಿಣ್ಣದ ಭಾಂಡೆ ಬರಿ. ಬರದು ಅಪ್ಪನ ಮುಂದ ನೀನ ಓದು.”

ಅದಕ್ಕೇ ಬರೆದೆ. ನಾಳೆ ರವಿವಾರ, ಕಾಕಾ ಮನೆಯಲ್ಲೇ ಇರುತ್ತಾನೆ. ಎದುರಿಗೆ ಕುರ್ಚಿ ಹಾಕಿಕೊಂಡು ಓದುತ್ತೇನೆ ಅಂದರೆ ಶಾಂಭವಿ ಬೇಡ ಅಂದಳು.

“ಬಾಜೂಕ ಕೂಡು. ಎದುರಿಗೆ ಕೂತರ ಅವನ ಎಡ ನಿನಗ ಮತ್ತ ಬಲ ಆಗತೈತಿ.”